ಎಚ್ಚರಿಕೆಯ ಮಾತು ಕೇಳಿದ ಮೇಲೆ ಏನು ಮಾಡಬೇಕು? ವಿಶ್ವಾಸಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಎಚ್ಚರಿಕೆ ಕಿವಿಗೆ ಬೀಳಲಿಲ್ಲವೆಂದು ಕೆಟ್ಟವರು ಕಡಿಮೆ. ಕೇಳಿ, ತಲೆದೂಗಿ, ಆಮೆನ್ ಎಂದು ಎದ್ದು ಹೋಗಿ, ಆಮೇಲೆ ಕಷ್ಟಕ್ಕೆ ಸಿಕ್ಕಿಕೊಂಡವರೇ ಜಾಸ್ತಿ. ಪ್ರಸಂಗದಲ್ಲಿ ಬಂದ ಮಾತಿರಲಿ, ಡಾಕ್ಟರು ಹೇಳಿದ್ದಿರಲಿ, ಮನೆಯಲ್ಲಿ ಹೆಂಡತಿ ಮೆಲ್ಲಗೆ ಅಂದದ್ದಿರಲಿ, ನಾವು ಎಡವುವುದು ಒಂದೇ ಕಡೆ: 'ಸರಿ' ಅಂದದ್ದಕ್ಕೂ ಕೆಲಸಕ್ಕೆ ಕೈಹಾಕುವುದಕ್ಕೂ ನಡುವೆ. ಬೈಬಲ್ ಅಧ್ಯಯನಕ್ಕೆ ಬರುವವರು ಮತ್ತೆ ಮತ್ತೆ ಅಲ್ಲೇ ಸೋಲುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. ಯಾರೋ ಕಳಿಸಿದ 'ಪ್ರವಾದನೆ'ಯ ಆಡಿಯೋ ಕೇಳಿ ರಾತ್ರಿಯಿಡೀ ನಿದ್ದೆಗೆಡುವವರಿದ್ದಾರೆ. ಅವರಿಗೂ ಕೆಳಗಿನ ಕ್ರಮವೇ ಸಾಕು. ಆದರೆ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಪರಿಶೋಧಿಸುವ ಮೊದಲೇ ಊರಿಗೆಲ್ಲ ಹಂಚುವುದು, ಬರೆದುಕೊಳ್ಳುವ ಮೊದಲೇ ವಾದಕ್ಕಿಳಿಯುವುದು, ಹೆಚ್ಚಿನ ಅನಾಹುತ ಹೀಗೇ ಶುರುವಾಗುವುದು.

## ಏನೇನು ಬೇಕು

ಮೊದಲನೆಯದು ಪೂರ್ತಿ ಸತ್ಯವೇದ. ಗೋಡೆಗೆ ತೂಗುಹಾಕಿದ ವಾಗ್ದಾನ ವಚನಗಳ ಕ್ಯಾಲೆಂಡರ್ ಸಾಲದು; ಎಚ್ಚರಿಸುವ ವಚನಗಳು ಅದರಲ್ಲಿ ಸಿಗುವುದೇ ಅಪರೂಪ. ಎರಡನೆಯದು ಒಂದು ನೋಟ್‌ಬುಕ್ಕು. ಮೂರನೆಯದು, ನಿಮ್ಮ ಮುಖ ನೋಡಿ ಮಾತು ಬದಲಿಸದ ಇಬ್ಬರು. ಒಬ್ಬರು ಸಭೆಯವರಾಗಿದ್ದರೆ ಇನ್ನೊಬ್ಬರು ಆ ವಿಷಯ ಬಲ್ಲವರಾಗಿರಲಿ, ಕ್ರೈಸ್ತರೇ ಆಗಿರಬೇಕೆಂದಿಲ್ಲ. ಕೊನೆಗೆ, ಮನೆಯವರೆಲ್ಲರ ಫೋನಿನಲ್ಲೂ ಈ ನಂಬರುಗಳಿರಲಿ: ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ಅಡುಗೆ ಗ್ಯಾಸ್ ಸೋರಿದರೆ 1906, ಆನ್‌ಲೈನ್ ಮೋಸಕ್ಕೆ 1930.

## ಮೊದಲೇ ಓದಿಕೊಳ್ಳಿ: ಕಾಯಿಸಬಾರದ ಎಚ್ಚರಿಕೆಗಳು

ಕೆಲವು ಎಚ್ಚರಿಕೆಗಳಿಗೆ ಹಂತಗಳಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬನ್ನಿ. ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಎದೆಯಲ್ಲಿ ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹರಡಿದರೆ, ಮಾತು ತೊದಲಿ ಮುಖ ಒಂದು ಬದಿಗೆ ಸೊಟ್ಟಗಾದರೆ, ಆಸ್ಪತ್ರೆಗೆ ಹೊರಡಿ. ಗುಡ್ಡದ ಬುಡದ ಮನೆಯಾಗಿದ್ದು, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರವೋ ಕರೆಂಟ್ ಕಂಬವೋ ವಾಲಿದರೆ, ತೊರೆಯ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ಕಡಿಮೆಯಾದರೆ ಅಲ್ಲಿಂದ ಎದ್ದುಬಿಡಿ. ಸಾಮಾನು ಆಮೇಲೆ.

ಪ್ರಾರ್ಥನೆ ದಾರಿಯಲ್ಲಿ ಮಾಡಬಹುದು. ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಾನೆಂದು ತಿಳಿದಾಗ ಯೋಸೇಫ ಬೆಳಗಾಗಲಿ ಎನ್ನಲಿಲ್ಲ. ಆ ರಾತ್ರಿಯೇ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ ಹೊರಟ. ಅಪಾಯದ ಜಾಗದಲ್ಲೇ ಕೂತು 'ದೇವರು ನೋಡಿಕೊಳ್ತಾನೆ' ಅನ್ನುವುದನ್ನು ಹಲವರು ನಂಬಿಕೆ ಎಂದುಕೊಂಡಿದ್ದಾರೆ. ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು ಸೈತಾನ ಹೇಳಿದ್ದೂ ಅದನ್ನೇ, ಅದಕ್ಕೆ ವಚನವನ್ನೂ ಎತ್ತಿ ತೋರಿಸಿದ್ದ. ದೇವರನ್ನು ಪರೀಕ್ಷಿಸಬಾರದೆಂದು ಯೇಸು ಅದನ್ನು ತಳ್ಳಿಹಾಕಿದ.

ಉಳಿದೆಲ್ಲ ಎಚ್ಚರಿಕೆಗಳಿಗೆ ಕೆಳಗಿನ ಹಂತಗಳು.

## ಹಂತ 1: ಮಾತು ಮುಗಿಯುವ ತನಕ ನಿಲ್ಲಿ

ದಾವೀದನು 400 ಜನರಿಗೆ ಕತ್ತಿ ಕಟ್ಟಿಸಿ ನಾಬಾಲನ ಮನೆ ಹಾಳುಮಾಡಲು ಇಳಿದು ಬರುತ್ತಿದ್ದಾನೆ. ಸಿಟ್ಟಿಗೆ ಕಾರಣವೂ ಇದೆ. ದಾರಿಯಲ್ಲಿ ನಾಬಾಲನ ಹೆಂಡತಿ ಅಬೀಗೈಲ್ ಎದುರಾಗಿ, ಈ ರಕ್ತ ಮುಂದೆ ನಿನ್ನ ಮನಸ್ಸಿಗೆ ಭಾರವಾದೀತು ಎಂದು ಎಚ್ಚರಿಸುತ್ತಾಳೆ. 1 ಸಮುವೇಲ 25ರಲ್ಲಿ ಅವಳ ಮಾತು ಉದ್ದವಾಗಿದೆ, ದಾವೀದ ಒಮ್ಮೆಯೂ ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ ಮೊದಲು ಅವಳನ್ನು ಕಳುಹಿಸಿದ ದೇವರಿಗೆ ಸ್ತೋತ್ರ, ಆಮೇಲೆ ಅವಳ ಬುದ್ಧಿಗೆ ಮೆಚ್ಚುಗೆ, ಆಮೇಲೆ ಅವಳು ತಂದದ್ದನ್ನು ತೆಗೆದುಕೊಂಡು ಸಮಾಧಾನದಿಂದ ಮನೆಗೆ ಕಳುಹಿಸುತ್ತಾನೆ. ಕತ್ತಿ ಒರೆಯಲ್ಲೇ ಉಳಿಯಿತು.

ನೀವು ಮಾಡಬೇಕಾದ್ದೂ ಇಷ್ಟೇ. 'ಹೇಳಿದ್ದು ಒಳ್ಳೆಯದಾಯ್ತು. ಇನ್ನೊಂದು ಸಲ ಹೇಳಿ, ಬರೆದುಕೊಳ್ತೇನೆ' ಅನ್ನಿ. ಆ ಹೊತ್ತಿಗೆ ಉತ್ತರ ಕೊಡಬೇಡಿ, ಒಪ್ಪಿಕೊಳ್ಳುವ ಅಗತ್ಯವೂ ಇಲ್ಲ.

ಇಲ್ಲಿನ ಸಾಮಾನ್ಯ ತಪ್ಪು, ಹೇಳಿದ ಮಾತನ್ನು ಬಿಟ್ಟು ಹೇಳಿದವರ ವಯಸ್ಸು, ದನಿ, ಸ್ಥಾನ ನೋಡುವುದು. ಮಗ ಅಪ್ಪನಿಗೆ, ಸೊಸೆ ಮಾವನಿಗೆ, ಹೊಸದಾಗಿ ಸಭೆಗೆ ಸೇರಿದವರು ಹಿರಿಯರಿಗೆ ಹೇಳಿದರೆ ನಮ್ಮಲ್ಲಿ ಅದು ಒಳಗಿಳಿಯುವುದು ಕಷ್ಟ. ಕುಷ್ಠ ಹೋಗಲು ಯೊರ್ದನ್ ನದಿಯಲ್ಲಿ ಸ್ನಾನ ಮಾಡು ಎಂದು ಪ್ರವಾದಿ ಹೇಳಿದ್ದಕ್ಕೆ ಸಿಟ್ಟಿನಿಂದ ಹಿಂತಿರುಗಿದ್ದ ಸೇನಾಪತಿ ನಾಮಾನನನ್ನು ನೀರಿಗೆ ಇಳಿಸಿದ್ದು ಅವನ ಆಳುಗಳ ಮಾತು. ಅವರ ಮಾತಿಗೆ ಕಿವಿಗೊಡದಿದ್ದರೆ ಕುಷ್ಠದೊಂದಿಗೇ ಊರಿಗೆ ಮರಳುತ್ತಿದ್ದ.

## ಹಂತ 2: ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ

ಒಂದು ಉದಾಹರಣೆ ಹಿಡಿದುಕೊಳ್ಳೋಣ, ಮುಂದಿನ ಹಂತಗಳಿಗೂ ಬರುತ್ತದೆ. ಗೆಳೆಯನೊಬ್ಬ ಸೊಸೈಟಿ ಸಾಲಕ್ಕೆ ಜಾಮೀನು ಸಹಿ ಕೇಳಿದ್ದಾನೆ. ಹೆಂಡತಿ ಅನ್ನುತ್ತಾಳೆ: 'ಬೇಡ ಕಣ್ರೀ, ಹೋದ ವರ್ಷದ ಚೀಟಿ ಕಂತನ್ನೇ ಅವರು ಇನ್ನೂ ಕಟ್ಟಿಲ್ಲ.' ಗಂಡನ ನೆನಪಿನಲ್ಲಿ ಸಂಜೆಯ ಹೊತ್ತಿಗೆ ಉಳಿಯುವುದು, 'ಅವಳಿಗೆ ಅವನನ್ನು ಕಂಡರೆ ಆಗಲ್ಲ.' ಚೀಟಿ ಕಂತಿನ ವಿಷಯ ಮಾಯವಾಗಿ, ಅವಳ ಸ್ವಭಾವದ ಮೇಲೊಂದು ತೀರ್ಪು ಮಾತ್ರ ನಿಂತಿದೆ. ಇದಕ್ಕೇ ನೋಟ್‌ಬುಕ್ಕು ಬೇಕೆಂದದ್ದು. ಅವಳು ಆಡಿದ ಮಾತನ್ನೇ ಬರೆಯಿರಿ: ಚೀಟಿ ಕಂತು ಬಾಕಿ.

ಕೆಳಗೆ ಇನ್ನೆರಡು ಸಾಲು ಸೇರಿಸಿ. ಏನು ಆಗಬಹುದೆಂದು ಹೇಳಿದರು? ಯಾವಾಗಿನೊಳಗೆ ನಾನು ಏನಾದರೂ ಮಾಡಬೇಕು? ನಿನೆವೆ ಪಟ್ಟಣದವರಿಗೆ ನಾಶಕ್ಕೆ ಇನ್ನು 40 ದಿನವೆಂದು ಪ್ರವಾದಿ ಯೋನನಿಂದ ಸ್ಪಷ್ಟವಾಗಿ ಕೇಳಿಸಿತ್ತು. ಅರಸನು ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂತ. ನಮಗೆ ಬರುವ ಹಲವು ಎಚ್ಚರಿಕೆಗಳಲ್ಲಿ ದಿನ ಹೇಳಿರುವುದಿಲ್ಲ, ಆಗ ನೀವೇ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ವ್ಯತ್ಯಾಸ ಗುರುತು ಹಾಕಿಕೊಳ್ಳಿ. ಕೆಲವು ಎಚ್ಚರಿಕೆ 'ಹೋಗಬೇಡ' ಅನ್ನುತ್ತದೆ, ಕೆಲವು 'ಹೋದರೆ ಇಷ್ಟು ಬೆಲೆ ತೆರಬೇಕು' ಅನ್ನುತ್ತದೆ. ಕೈಸರೈಯದಲ್ಲಿ ಪ್ರವಾದಿ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಯೆರೂಸಲೇಮಿನಲ್ಲಿ ನಿನಗೆ ಹೀಗಾಗುತ್ತದೆ ಎಂದ. ಸುತ್ತಲಿದ್ದವರು ಅತ್ತು ಹೋಗಬೇಡವೆಂದರು. ಪೌಲ ಅಗಬನ ಮಾತನ್ನು ಅಲ್ಲಗಳೆಯಲಿಲ್ಲ, ಬೆಲೆ ತಿಳಿದುಕೊಂಡೇ ಹೋದ. ಅದು ಕಿವಿಗೊಡದ ಮೊಂಡುತನವಲ್ಲ. ಆದರೆ ನಮ್ಮ ಸ್ವಂತ ಆಸೆಗೆ ಪೌಲನ ಹೆಸರು ಹೇಳುವ ಮೊದಲು ನೋಡಿಕೊಳ್ಳಬೇಕು: ಬೆಲೆ ತೆರುವವರು ನಾವೋ, ನಮ್ಮ ಹೆಂಡತಿ ಮಕ್ಕಳೋ?

## ಹಂತ 3: ಎಚ್ಚರಿಸಿದವರಿಗೇನು ಲಾಭ, ಪರವಾಗಿಲ್ಲ ಎನ್ನುವವರಿಗೇನು ಲಾಭ

ಈ ಹಂತವನ್ನು ಬಹಳಷ್ಟು ಜನ ದಾಟಿಯೇ ಬಿಡುತ್ತಾರೆ. ಇದಕ್ಕಾಗಿ ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯವನ್ನು ನಿಧಾನವಾಗಿ ಓದಿ.

ಕೈದಿ ಪೌಲನನ್ನು ಹೊತ್ತ ಹಡಗು ಕ್ರೇತ ದ್ವೀಪದ ಚಂದರೇವಿನಲ್ಲಿ ನಿಂತಿದೆ. ಯೆಹೂದ್ಯರ ವಾರ್ಷಿಕ ಉಪವಾಸದ ದಿನ ಕಳೆದು, ಕಡಲು ಪ್ರಯಾಣಕ್ಕೆ ಕೆಟ್ಟ ಕಾಲ ಬಂದಿದೆ. ಮುಂದೆ ಹೋದರೆ ಸರಕಿಗೂ ಹಡಗಿಗೂ ಪ್ರಾಣಕ್ಕೂ ಹಾನಿಯೆಂದು ಪೌಲ ಹೇಳುತ್ತಾನೆ. ಶತಾಧಿಪತಿ ಯೂಲ್ಯ ಕೆಟ್ಟವನಲ್ಲ. ಸೀದೋನಿನಲ್ಲಿ ಪೌಲನನ್ನು ಸ್ನೇಹಿತರ ಬಳಿಗೆ ಹೋಗಲು ಬಿಟ್ಟವನು. ಆದರೂ ಅವನು ನಾವಿಕನನ್ನೂ ಹಡಗಿನ ಯಜಮಾನನನ್ನೂ ನಂಬಿದ.

ಮೇಲ್ನೋಟಕ್ಕೆ ಇದರಲ್ಲಿ ತಪ್ಪು ಕಾಣುವುದಿಲ್ಲ, ಕಡಲಿನ ವಿಷಯಕ್ಕೆ ಕಡಲಿನ ಕಸುಬಿನವರನ್ನು ಕೇಳಿದ. ಅವನು ತೂಗಿ ನೋಡದೆ ಬಿಟ್ಟದ್ದು ಬೇರೆ. ಹಡಗಿನಲ್ಲಿ ಗೋಧಿ ತುಂಬಿತ್ತು, ಹಡಗು ನಿಂತರೆ ನಷ್ಟ ಯಜಮಾನನದು. ಹೆಚ್ಚಿನವರು ಹೊರಡೋಣ ಎಂದದ್ದಕ್ಕೆ ಕೊಟ್ಟ ಕಾರಣ ಆ ಬಂದರು ಚಳಿಗಾಲ ಕಳೆಯಲು ಅನುಕೂಲವಿಲ್ಲವೆಂಬುದು. ಪೌಲ ಹೇಳಿದ ಅಪಾಯಕ್ಕೆ ಒಬ್ಬರೂ ಉತ್ತರ ಕೊಟ್ಟಂತೆ ಕಾಣುವುದಿಲ್ಲ. ಪೌಲನೂ ಕಡಲು ಕಾಣದವನಲ್ಲ. ಅದಕ್ಕೂ ಮೊದಲು ಬರೆದ ಪತ್ರದಲ್ಲೇ ತಾನು ಮೂರು ಸಾರಿ ಹಡಗೊಡೆತಕ್ಕೆ ಸಿಕ್ಕಿದ್ದನ್ನು, ಒಂದು ರಾತ್ರಿ ಒಂದು ಹಗಲು ಸಮುದ್ರದಲ್ಲೇ ಕಳೆದದ್ದನ್ನು ಹೇಳಿದ್ದಾನೆ (2 ಕೊರಿಂಥ 11:25).

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಚಂದರೇವಿನಲ್ಲಿ ಪೌಲ ದರ್ಶನ ಕಂಡೆ ಎಂದು ಹೇಳಲಿಲ್ಲ. ದೇವದೂತನ ಮಾತು ಬಂದದ್ದು ಆಮೇಲೆ, ಬಿರುಗಾಳಿಯ ನಡುವೆ. ಮೊದಲ ಎಚ್ಚರಿಕೆ ಕಾಲ ನೋಡಿ, ಅನುಭವದಿಂದ ಹೇಳಿದ ಸರಳ ಮಾತು. ಕನಸು ಬೀಳಲಿ, ಪ್ರವಾದನೆ ಬರಲಿ ಎಂದು ಕಾಯುತ್ತಾ ಬ್ಯಾಂಕಿನವರ, ಡಾಕ್ಟರ, ನೆರೆಯವರ ಮಾತನ್ನು 'ಲೋಕದ ಮಾತು' ಎಂದು ಬದಿಗಿಡುವವರು ಇದನ್ನು ಗಮನಿಸಬೇಕು.

ಈಗ ನೋಟ್‌ಬುಕ್ಕಿನಲ್ಲಿ ಬರೆಯಿರಿ: ನಾನು ಕೇಳಿದರೆ ಎಚ್ಚರಿಸಿದವರಿಗೆ ಏನು ಸಿಗುತ್ತದೆ? 'ಪರವಾಗಿಲ್ಲ, ಮುಂದೆ ಹೋಗು' ಅನ್ನುವವರಿಗೆ ಏನು ಸಿಗುತ್ತದೆ? ಜಾಮೀನಿನ ಉದಾಹರಣೆಯಲ್ಲಿ, ಹೆಂಡತಿಗೆ ಸಿಗುವುದು ಗಂಡನ ಮುನಿಸು ಮಾತ್ರ. 'ಬರೀ ಒಂದು ಸಹಿ' ಅನ್ನುತ್ತಿರುವವನಿಗೆ ಸಿಗುವುದು ಸಾಲ.

ಬಹುಮತವನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾಮೋತ್ ಗಿಲ್ಯಾದಿನ ಮೇಲೆ ಯುದ್ಧಕ್ಕೆ ಹೋಗು ಎಂದು ಇಸ್ರಾಯೇಲಿನ ಅರಸ ಅಹಾಬನಿಗೆ ಸುಮಾರು 400 ಪ್ರವಾದಿಗಳು ಹೇಳಿದರು, ಬೇಡವೆಂದವನು ಮೀಕಾಯೆಹು ಒಬ್ಬನೇ. ಇನ್ನೊಬ್ಬ ಪ್ರವಾದಿಯನ್ನು ಕೇಳೋಣ ಎಂದು ಒತ್ತಾಯಿಸಿದ ಯೆಹೂದದ ಅರಸ ಯೆಹೋಷಾಫಾಟನೇ ಕೇಳಿಸಿಕೊಂಡ ಮೇಲೂ ಯುದ್ಧಕ್ಕೆ ಹೋದ. ಸಲಹೆ ಕೇಳಿದ ಮಾತ್ರಕ್ಕೆ ಪಾಲಿಸಿದಂತಾಗುವುದಿಲ್ಲ.

## ಹಂತ 4: ಪರಿಶೋಧಿಸಿ, ಆದರೆ ತಳ್ಳಿಹಾಕಲಿಕ್ಕಲ್ಲ

ಅರಾಮ್ಯರು ಹೊಂಚು ಹಾಕಿರುವ ಜಾಗವನ್ನು ಪ್ರವಾದಿ ಎಲೀಷ ತಿಳಿಸಿದಾಗ ಇಸ್ರಾಯೇಲಿನ ಅರಸನು ಅಲ್ಲಿಗೆ ಆಳು ಕಳಿಸಿ ನೋಡಿಸಿದ. ಹಾಗೆ ಒಂದೆರಡು ಸಲವಲ್ಲ, ಹಲವು ಸಲ ಪಾರಾದನೆಂದು 2 ಅರಸುಗಳು 6ರಲ್ಲಿದೆ. ಪರೀಕ್ಷಿಸಿ ನೋಡುವುದು ಅಪನಂಬಿಕೆಯಲ್ಲ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಪೌಲನೂ ಥೆಸಲೋನಿಕದವರಿಗೆ ಬರೆದ.

ಪ್ರವಾದನೆ ಎಂದು ಬಂದ ಮಾತಿಗೆ: ಅದು ಕ್ರಿಸ್ತನ ಕಡೆಗೆ ತಿರುಗಿಸುತ್ತದೋ, ಹೇಳಿದವರ ಕಡೆಗೋ? ದಿನಾಂಕ ಕೊಟ್ಟು ಅದು ತಪ್ಪಿದ್ದರೆ ಧರ್ಮೋಪದೇಶಕಾಂಡ 18:22 ಸಾಕು, ಅವರಿಗೆ ಹೆದರಬೇಕಿಲ್ಲ. ಕರ್ತನು ಬರುವ ದಿನ ಗೊತ್ತೆನ್ನುವವರಿಗೆ ಮತ್ತಾಯ 24:36 ಉತ್ತರ. ಸಭೆಯಲ್ಲಿ ಉಳಿದವರು ಅದನ್ನು ತೂಗಿ ನೋಡಲು ಬಿಡದಿದ್ದರೆ 1 ಕೊರಿಂಥ 14:29 ಮೀರಿದಂತೆ. ಶಾಪ ತಪ್ಪಿಸಲು ಕಾಣಿಕೆ ಕಳುಹಿಸಿ ಎಂದರೆ ಅಲ್ಲಿಗೆ ನಿಲ್ಲಿಸಿ. ಹತ್ತು ಜನಕ್ಕೆ ಕಳುಹಿಸದಿದ್ದರೆ ಕೇಡಾಗುತ್ತದೆ ಎನ್ನುವ ಮೆಸೇಜನ್ನು ಅಳಿಸಿ, ಮರೆತುಬಿಡಿ.

ಹವಾಮಾನದ ಮುನ್ಸೂಚನೆಯನ್ನು ಹವಾಮಾನ ಇಲಾಖೆಯ ಅಥವಾ ಜಿಲ್ಲಾಡಳಿತದ ಪ್ರಕಟಣೆಯಲ್ಲೇ ನೋಡಿ. ಯೆಲ್ಲೋ ಎಂದರೆ ಗಮನವಿಟ್ಟಿರಿ, ಆರೆಂಜ್ ಎಂದರೆ ಸಿದ್ಧರಾಗಿರಿ, ರೆಡ್ ಎಂದರೆ ಕ್ರಮಕ್ಕೆ ಇಳಿಯಿರಿ. 24 ಗಂಟೆಯಲ್ಲಿ 204.5 ಮಿಲಿಮೀಟರ್ ದಾಟುವ ಮಳೆಯನ್ನು ಇಲಾಖೆ ಅತ್ಯಂತ ಭಾರೀ ಮಳೆ ಎಂದು ಲೆಕ್ಕ ಹಾಕುತ್ತದೆ. ಕಡಲಿಗಿಳಿಯಬೇಡಿ ಎಂದಾಗ ದಡದಲ್ಲಿ ನಿಂತು ಆಕಾಶ ತಿಳಿಯಾಗಿದೆ ಅನ್ನುವುದು ಪರಿಶೋಧನೆಯಲ್ಲ. ಗಾಳಿ ಎದ್ದಿರುವುದು ಬೇರೆಲ್ಲೋ.

ಫೋನಿನಲ್ಲಿ ಬರುವ ಸುಳ್ಳು ಎಚ್ಚರಿಕೆಯ ಗುರುತೂ ತಿಳಿದಿರಲಿ. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ಬಂಧಿಸಿದ್ದೇವೆ ಎನ್ನುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಈಗಲೇ ಮಾಡು, ಯಾರಿಗೂ ಹೇಳಬೇಡ, ಹಣ ಹಾಕು, ಈ ಮೂರೂ ಒಟ್ಟಿಗೆ ಬಂದರೆ ಫೋನ್ ಇಟ್ಟುಬಿಡಿ. ನಿಜವಾದ ಎಚ್ಚರಿಕೆಗೂ ಅವಸರ ಇರಬಹುದು, ಆದರೆ ಅದು ನಿಮ್ಮನ್ನು ಮನೆಯವರಿಂದ ಬಚ್ಚಿಡುವುದಿಲ್ಲ.

ಜಾಮೀನಿಗೆ ಎರಡು ಕಡೆ ನೋಡಿ. ಜ್ಞಾನೋಕ್ತಿಗಳು 22:26-27 ಜಾಮೀನು ನಿಲ್ಲಬೇಡ, ತೀರಿಸಲು ಗತಿಯಿಲ್ಲದಿದ್ದರೆ ಮಲಗುವ ಹಾಸಿಗೆಯೂ ಹೋದೀತು ಎನ್ನುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಲಗಾರ ಕಟ್ಟದಿದ್ದರೆ ನೋಟಿಸು ನೇರ ನಿಮ್ಮ ಮನೆಗೆ ಬರಬಹುದು. ಎಷ್ಟೋ ಜನ ಜಾಮೀನನ್ನು ಗುರುತು ಹೇಳುವ ಸಹಿ ಎಂದೇ ತಿಳಿದಿದ್ದಾರೆ.

## ಹಂತ 5: ಒಂದು ಕೆಲಸ, ಒಂದು ಹೊತ್ತು

'ಇನ್ನು ಮುಂದೆ ಹುಷಾರಾಗಿರ್ತೇನೆ' ಎಂಬುದು ಕೆಲಸವಲ್ಲ. ಮಾಡಿ ಮುಗಿಸಿದೆ ಎಂದು ಗುರುತು ಹಾಕಬಹುದಾದದ್ದು ಮಾತ್ರ ಕೆಲಸ. ಅಗಬನು ಬರಗಾಲ ಬರುತ್ತದೆಂದು ಮುಂತಿಳಿಸಿದಾಗ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಯಷ್ಟು ಹಣ ಕೂಡಿಸಿ ಬಾರ್ನಬ ಮತ್ತು ಸೌಲರ ಕೈಯಲ್ಲಿ ಯೂದಾಯಕ್ಕೆ ಕಳುಹಿಸಿದರು. ಎಷ್ಟು, ಯಾರ ಮೂಲಕ, ಯಾರಿಗೆ, ಎಲ್ಲವೂ ತೀರ್ಮಾನವಾಗಿತ್ತು.

ದೇವರ ನಿಯಮವೂ ಇಷ್ಟೇ ನಿಖರ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಇಲ್ಲವಾದರೆ ಬಿದ್ದವರ ರಕ್ತ ಮನೆಯವರ ಮೇಲೆ (ಧರ್ಮೋಪದೇಶಕಾಂಡ 22:8). ಹಾಯುವ ಎತ್ತಿನ ವಿಷಯದಲ್ಲಂತೂ ಮಾಲೀಕನಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರೋ ಇಲ್ಲವೋ ಎಂಬುದರ ಮೇಲೆ ಶಿಕ್ಷೆಯೇ ಬದಲಾಗುತ್ತದೆ (ವಿಮೋಚನಕಾಂಡ 21:28-29). ಟೆರೇಸಿನ ಗೋಡೆ, ಕಚ್ಚುವ ನಾಯಿಯ ಸರಪಳಿ, ಸವೆದ ಟೈರು ಆತ್ಮಿಕ ವಿಷಯಗಳಲ್ಲವೆಂದು ಯಾರಾದರೂ ಅಂದರೆ ಈ ಎರಡು ಭಾಗ ಓದಿ ತೋರಿಸಿ.

ಹಾಗಾಗಿ ಹೀಗೆ ಬರೆಯಿರಿ: 'ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗಿ, ಸಹಿ ಹಾಕಲಾರೆ ಎಂದು ಬಾಯಿಬಿಟ್ಟು ಹೇಳುತ್ತೇನೆ.' ಮೆಸೇಜ್ ಕಳುಹಿಸಿ ಕೈತೊಳೆದುಕೊಳ್ಳಬೇಡಿ, ಮುಖ ಕಂಡು ಹೇಳಿ. ಸಾಧ್ಯವಿದ್ದರೆ ಹಿಂದಕ್ಕೆ ಕೇಳದ ಸಣ್ಣ ಮೊತ್ತ ಕೊಟ್ಟು ಸಹಾಯ ಮಾಡಿ. ಆಮೇಲೆ, ಮುಖ ನೋಡಿ ಮಾತು ಬದಲಿಸದವರೆಂದು ಮೊದಲೇ ಆರಿಸಿಕೊಂಡ ಆ ಇಬ್ಬರಲ್ಲಿ ಒಬ್ಬರಿಗೆ, 'ನಾಳೆ ಸಂಜೆ ಫೋನ್ ಮಾಡಿ, ಹೇಳಿದ್ಯಾ ಎಂದು ಕೇಳಿ' ಅನ್ನಿ. ಗುಟ್ಟಿನ ಪಾಪದ ವಿಷಯದಲ್ಲಿ ಈ ಫೋನ್ ಕರೆ ಇನ್ನೂ ಮುಖ್ಯ. ಒಬ್ಬರೇ ತೀರ್ಮಾನಿಸಿ ಒಬ್ಬರೇ ಮುರಿದರೆ ಕೇಳುವವರೇ ಇರುವುದಿಲ್ಲ.

## ಹಂತ 6: ಏನೂ ಆಗದಿದ್ದಾಗ

ಚಂದರೇವಿನಿಂದ ಹೊರಟ ದಿನ ತೆಂಕಣ ಗಾಳಿ ಮೆಲ್ಲಗೆ ಬೀಸಿತು. ಅಂದುಕೊಂಡದ್ದು ಕೈಗೂಡಿತೆಂದು ಲಂಗರು ಎತ್ತಿದರು. ಸ್ವಲ್ಪ ಹೊತ್ತಿಗೇ ದ್ವೀಪದ ಕಡೆಯಿಂದ ಬಿರುಗಾಳಿ ಇಳಿಯಿತು.

ಮೊದಲ ದಿನಗಳು ಚೆನ್ನಾಗಿ ಕಳೆದರೆ ಎಚ್ಚರಿಕೆ ಸುಳ್ಳಾಯಿತೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಬಿಪಿ ಮಾತ್ರೆ ಬಿಡುವವರೂ ಹೀಗೇ ಬಿಡುವುದು. ಮಾತ್ರೆಯಿಂದ ಇಳಿದ ಬಿಪಿಯನ್ನು ಗುಣವಾಯಿತೆಂದು ತಿಳಿದು, ಡಾಕ್ಟರನ್ನು ಕೇಳದೆ, ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳಿ ಮಾತ್ರೆ ನಿಲ್ಲಿಸುತ್ತಾರೆ. ದೇವರು ಗುಣಪಡಿಸಿದ್ದರೆ ಡಾಕ್ಟರ ಪರೀಕ್ಷೆಯಲ್ಲೂ ಅದು ಕಾಣುತ್ತದೆ. ಯೇಸು ಗುಣಪಡಿಸಿದ ಕುಷ್ಠರೋಗಿಯೂ ಯಾಜಕನಿಗೆ ಮೈ ತೋರಿಸಬೇಕಿತ್ತು.

ಎಚ್ಚರಿಕೆ ಹಿಂತೆಗೆಯುವವರೆಗೆ, ಇಲ್ಲವೇ ಅದರ ಕಾರಣ ಇಲ್ಲವಾಗುವವರೆಗೆ, ಮಾಡುತ್ತಿರುವುದನ್ನು ನಿಲ್ಲಿಸಬೇಡಿ.

## ನಿಮ್ಮಲ್ಲೇ ಗಮನಿಸಬೇಕಾದ ಗುರುತುಗಳು

- ಅದೇ ಪ್ರಶ್ನೆಯನ್ನು ಬೇರೆ ಬೇರೆಯವರಿಗೆ ಕೇಳುತ್ತಿದ್ದೀರಿ, ಒಬ್ಬರಾದರೂ ಹೌದೆನ್ನಲಿ ಎಂದು.
- ಎಚ್ಚರಿಸಿದವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೀರಿ. ಆರಾಧನೆ ಮುಗಿದೊಡನೆ ಇನ್ನೊಂದು ಬಾಗಿಲಿನಿಂದ ಹೊರಡುತ್ತಿದ್ದೀರಿ.
- 'ಪ್ರಾರ್ಥನೆ ಮಾಡ್ತಾ ಇದ್ದೇನೆ' ಅನ್ನುತ್ತಿದ್ದೀರಿ, ಆದರೆ ಉತ್ತರ ಆಗಲೇ ಗೊತ್ತಿದೆ.
- ನಾನು ಹಾಗೆ ಮಾಡುವವನಲ್ಲ ಎಂದು ಗಟ್ಟಿಯಾಗಿ ಹೇಳುತ್ತಿದ್ದೀರಿ. ಯೇಸುವನ್ನು ಅಲ್ಲಗಳೆಯುವುದಿಲ್ಲವೆಂದು ಪೇತ್ರ ಹೇಳಿದ ರಾತ್ರಿಯೇ ಅಲ್ಲಗಳೆದ, ಕೋಳಿ ಕೂಗಿತು.
- ಕೇಳಿದ ಎಚ್ಚರಿಕೆಯನ್ನು ಗಂಡನಿಗೋ ಹೆಂಡತಿಗೋ ಹೇಳಿಲ್ಲ.

ಎರಡು ಗುರುತು ಒಟ್ಟಿಗೆ ಕಂಡರೆ ಮತ್ತೆ ಎರಡನೇ ಹಂತಕ್ಕೆ ಹೋಗಿ, ಬರೆದದ್ದನ್ನು ಗಟ್ಟಿಯಾಗಿ ಓದಿ.

## ಹಂತ 7: ತಡವಾಗಿ ಎಚ್ಚೆತ್ತರೆ

ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಹದಿನಾಲ್ಕನೆಯ ರಾತ್ರಿ. ಮುಂಭಾಗದಲ್ಲಿ ಲಂಗರು ಹಾಕುವ ನೆಪದಿಂದ ನಾವಿಕರು ದೋಣಿ ಇಳಿಸಿ ಪರಾರಿಯಾಗಲು ನೋಡುತ್ತಾರೆ. ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎಂದು ಪೌಲ ಶತಾಧಿಪತಿಗೂ ಸಿಪಾಯಿಗಳಿಗೂ ಹೇಳುತ್ತಾನೆ. ಈ ಸಲ ಚರ್ಚೆಯಿಲ್ಲ. ಸಿಪಾಯಿಗಳು ಹಗ್ಗ ಕಡಿದು ದೋಣಿಯನ್ನು ನೀರಿಗೆ ಬಿಡುತ್ತಾರೆ. ಗೋಧಿ ಹೋಯಿತು, ಹಡಗು ಒಡೆಯಿತು, 276 ಮಂದಿಯೂ ಮೆಲೀತೆ ದ್ವೀಪದ ದಡ ಸೇರಿದರು. ಮೊದಲ ಎಚ್ಚರಿಕೆ ಮೀರಿದವರಿಗೆ ಎರಡನೆಯದನ್ನು ಪಾಲಿಸಲು ಅಡ್ಡಿಯೇನೂ ಇರಲಿಲ್ಲ. ಹೇಗೂ ತಪ್ಪಾಯಿತು, ಇನ್ನೇನು ಎಂದು ಕೈಚೆಲ್ಲುವವರು ಆ ರಾತ್ರಿಯನ್ನು ನೆನೆಯಬೇಕು.

ಮಾಡಬೇಕಾದ ಕ್ರಮ: ಮೊದಲು ದೇವರ ಮುಂದೆ, ನೆಪವಿಲ್ಲದೆ, ಆದದ್ದನ್ನು ಹೇಳಿ. ಆಮೇಲೆ ಎಚ್ಚರಿಸಿದವರ ಬಳಿಗೆ ಹೋಗಿ, 'ನೀವು ಹೇಳಿದ್ದು ನಿಜವಾಗಿತ್ತು' ಅನ್ನಿ. ಮುಂದಿನ ಸಲ ಅವರು ಬಾಯಿ ತೆರೆಯಬೇಕಾದರೆ ಇದು ಬೇಕು. ಮೂರನೆಯದು, ಉಳಿಸಿಕೊಳ್ಳಬಹುದಾದದ್ದನ್ನು ಆ ದಿನವೇ ಹಿಡಿಯಿರಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಜಾಮೀನು ಸಹಿ ಹಾಕಿ ಆಗಿದ್ದರೆ ಜ್ಞಾನೋಕ್ತಿಗಳು 6:1-5 ನಿಮಗೇ ಬರೆದಂತಿದೆ: ಕಣ್ಣಿಗೆ ನಿದ್ದೆ ಕೊಡಬೇಡ, ಹೋಗಿ ಅವನನ್ನು ಕಾಡಿ ಬೇಡಿ ಬಿಡಿಸಿಕೋ. ಸೊಸೈಟಿಗೆ ಹೋಗಿ ಸಾಲದ ಖಾತೆಯ ವಿವರ ಬರಹದಲ್ಲಿ ಕೇಳಿ. ಎಷ್ಟು ಕಂತು ಬಾಕಿ ಎಂದು ನೋಡಿ. ಬೇರೆ ಜಾಮೀನುದಾರರನ್ನು ಅಥವಾ ಅಡಮಾನವನ್ನು ಒಪ್ಪಿ ನಿಮ್ಮನ್ನು ಬಿಡುತ್ತಾರೆಯೇ ಎಂದು ಅರ್ಜಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಗೆಳೆಯನ ಜೊತೆ ಕೂತು ಅವನ ಮುಂದಿನ ಮೂರು ತಿಂಗಳ ಕಂತಿಗೆ ಹಣ ಎಲ್ಲಿಂದ ಬರುತ್ತದೆಂದು ಕೇಳಿ ಬರೆದುಕೊಳ್ಳಿ, ಮತ್ತು ಆ ಹಾಳೆಯನ್ನು ಅದೇ ಸಂಜೆ ಹೆಂಡತಿಯ ಕೈಗೆ ಕೊಡಿ.